ಬೆನ್ನುನೋವೂ ಅಫೀಮಿನ ಆಚೆಯ ಹಾದಿಗಳೂ

ನಡುವಯಸ್ಸು ಮುಟ್ಟಿದವರ ಗೋಷ್ಠಿಯಲ್ಲಿ ಬೆನ್ನುನೋವಿನ ಮಾತು ಬಾರದೆ ಹೋಗುವುದು ವಿರಳ. ಈ ನೋವಿನ ಚರಿತ್ರೆ ಬಲು ಹಳೆಯದು. 1862ರಲ್ಲಿ ಎಡ್ವಿನ್ ಸ್ಮಿತ್ ಎಂಬಾತನು ಈಜಿಪ್ಟಿನ ಲಕ್ಸರಿನಲ್ಲಿ ಕೊಂಡ ಪಪೈರಸ್ ಸುರುಳಿಯೊಂದರಲ್ಲಿ, ಕ್ರಿಸ್ತನಿಗೆ ಸುಮಾರು 1600 ವರ್ಷ ಹಿಂದೆ ಬರೆದ 48 ರೋಗಿಗಳ ವೃತ್ತಾಂತವಿದೆ. ಅವರಲ್ಲಿ ಕಡೆಯವನು ಬೆನ್ನೆಲುಬು ಉಳುಕಿದವನು. ಕಾಲುಗಳನ್ನು ಚಾಚಿ ಮಡಿಸೆಂದು ವೈದ್ಯನು ಅವನಿಗೆ ಹೇಳಬೇಕು. ಚಾಚಿದೊಡನೆ ನೋವಿನಿಂದ ಸೆಳೆದುಕೊಂಡರೆ ರೋಗವಿಂಥದೆಂದು ತಿಳಿಯಬೇಕು. ಇದು ಚಿಕಿತ್ಸೆಗೆ ಒಗ್ಗುವ ರೋಗ. ರೋಗಿಯನ್ನು ಅಂಗಾತ ಮಲಗಿಸಬೇಕು—ಇಷ್ಟು ಬರೆದು, ಲಿಪಿಕಾರನು ವಾಕ್ಯದ ನಡುವೆಯೇ ಲೇಖನಿಯನ್ನು ಕೆಳಗಿಟ್ಟಿದ್ದಾನೆ. ಮಲಗಿಸಿದ ಮೇಲೆ ಮಾಡತಕ್ಕದ್ದೇನು? ಆ ಪ್ರಶ್ನೆಗೆ ಜನ ಇಂದಿನವರೆಗೂ ಉತ್ತರ ಹುಡುಕುತ್ತಲೇ ಇದ್ದಾರೆ.

ನಮ್ಮ ಪೂರ್ವಿಕರೂ ಹುಡುಕಿದರು. ಸೊಂಟದಿಂದ ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುವ ನೋವನ್ನು ಚರಕಸಂಹಿತೆ ಗೃಧ್ರಸೀ ಎಂದು ಕರೆದಿದೆ. ಗೃಧ್ರವೆಂದರೆ ಹದ್ದು, ರೋಗಿಯ ನಡಗೆಯನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ತಾನಾಗಿಯೇ ಹೊಳೆಯುತ್ತದೆ. ಇಂಥ ವಾತರೋಗಗಳಿಗೆ ಸ್ನೇಹ, ಸ್ವೇದ, ಬಸ್ತಿಗಳೆಂಬ ಉಪಚಾರಗಳನ್ನು ವಿಧಿಸಿದರು. ಎಣ್ಣೆ ನೀವಿ ಶಾಖ ಕೊಡುವ ಅಜ್ಜಿಯರು ಇವುಗಳಲ್ಲಿ ಮೊದಲೆರಡನ್ನು ಶಾಸ್ತ್ರ ಓದದೆಯೇ ನಡೆಸಿಕೊಂಡು ಬಂದಿದ್ದಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುವುದೆಂಬ ನಮ್ಮ ಹಳ್ಳಿಗಳ ನಂಬಿಕೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿಯೂ ಇತ್ತೆಂಬುದು ಸೋಜಿಗ!

ಇವೆಲ್ಲವೂ ನಿಧಾನದ ಉಪಾಯಗಳು. ಕ್ಷಣದಲ್ಲಿ ನೋವನ್ನು ಮರೆಸುವ ಶಕ್ತಿಯಿದ್ದುದು ಅಫೀಮಿಗೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧಗಾರನಾದ ಸೆರ್ಟ್ಯೂರ್ನರನು ಅಫೀಮಿನ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಮಾರ್ಫಿನ್ ಎಂದು ಕರೆದನು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಅದನ್ನು ಸೂಜಿಯಿಂದ ಚರ್ಮದ ಕೆಳಗೆ ಸೇರಿಸಿದನು. ನೋವಿರುವೆಡೆಯಲ್ಲಿಯೇ ಚುಚ್ಚಿದರೆ ಔಷಧ ಮುಖ್ಯವಾಗಿ ಅಲ್ಲಿಯೇ ಕೆಲಸ ಮಾಡುವುದೆಂದು ಅವನ ಭಾವನೆ. ಅದು ತಪ್ಪಾಯಿತು, ಔಷಧ ದೇಹವೆಲ್ಲವನ್ನೂ ವ್ಯಾಪಿಸಿತು, ಚಟವೂ ಹಿಂಬಾಲಿಸಿತು. 1898ರಲ್ಲಿ ಬಯರ್ ಕಂಪನಿಯು ಮಾರ್ಫಿನಿನಿಂದಲೇ ತಯಾರಾದ ಹೆರಾಯಿನನ್ನು ಕೆಮ್ಮಿನ ಮದ್ದಾಗಿ ಮಾರುಕಟ್ಟೆಗೆ ತಂದಿತು. ಅದರ ಗತಿಯೂ ಹಾಗೆಯೇ ಆಯಿತು. ಆದರೂ ಪಾಠ ಕಲಿತಂತಾಗಲಿಲ್ಲ. ಅಮೆರಿಕದಲ್ಲಿ 1996ರಿಂದ ಆಕ್ಸಿಕಾಂಟಿನ್ ಎಂಬ ಅಫೀಮು ವರ್ಗದ ಮಾತ್ರೆಯನ್ನು ಬೆನ್ನುನೋವಿನಂಥ ಬಹುಕಾಲದ ನೋವುಗಳಿಗೆ ಧಾರಾಳವಾಗಿ ಕೊಟ್ಟರು. ಚಟದ ಅಪಾಯದ ವಿಷಯದಲ್ಲಿ ತಪ್ಪು ತಿಳಿವಳಿಕೆ ಕೊಟ್ಟುದನ್ನು ತಯಾರಕರು 2007ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಳ್ಳುವ ವೇಳೆಗೆ ಅನೇಕ ಮನೆಗಳು ಹಾಳಾಗಿದ್ದವು. ಇಷ್ಟಕ್ಕೆ ಪ್ರತಿಯಾಗಿ ನೋವಾದರೂ ಹೋಯಿತೇ? 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬಹುಕಾಲದ ಬೆನ್ನುನೋವು ಅಥವಾ ಕೀಲುನೋವಿದ್ದ 240 ಮಂದಿ ಮಾಜಿ ಸೈನಿಕರಿಗೆ ವರ್ಷಪೂರ್ತಿ ಔಷಧ ಕೊಟ್ಟು ನೋಡಿದರು. ಅಫೀಮು ವರ್ಗದ ಔಷಧ ತೆಗೆದುಕೊಂಡವರು ಸಾಮಾನ್ಯ ಔಷಧ ತೆಗೆದುಕೊಂಡವರಿಗಿಂತ ಹೆಚ್ಚು ಚೆನ್ನಾಗಿ ಓಡಾಡಲಿಲ್ಲ; ಅವರ ನೋವು ಕೊಂಚ ಹೆಚ್ಚಾಗಿಯೇ ಉಳಿದಿತ್ತು.

ಔಷಧ ಬೇಡವೆಂದವರಿಗೆ ಪಾಶ್ಚಾತ್ಯ ವೈದ್ಯರು ಬಹುಕಾಲ ತೋರಿಸಿದ ಇನ್ನೊಂದು ಹಾದಿಯೆಂದರೆ ಹಾಸಿಗೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿಯ ಗುಣವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸನು ಮೂಳೆ ಕೀಲುಗಳ ರೋಗಕ್ಕೆ ಎಡೆಬಿಡದ ದೀರ್ಘ ವಿಶ್ರಾಂತಿಯೇ ಮದ್ದೆಂದು ಸಾಧಿಸಿದನು. ಅವರು ಕಂಡುದು ಬಹುಮಟ್ಟಿಗೆ ಕ್ಷಯ ಹಿಡಿದ ಕೀಲುಗಳನ್ನು. ಆದರೆ ಅವರ ಮಾತು ಉಳುಕಿದ ಸೊಂಟಕ್ಕೂ ಅನ್ವಯವಾಗಿಬಿಟ್ಟಿತು. ನಮ್ಮನ್ನೂ ಒಮ್ಮೆ ವೈದ್ಯರೊಬ್ಬರು ಮೂರು ವಾರ ಮರದ ಹಲಗೆಯ ಮೇಲೆ ಮಲಗಿಸಿದ್ದರು. ಏಳುವ ದಿನ ನೋವು ಇದ್ದಲ್ಲಿಯೇ ಇತ್ತು, ಕಾಲಿನ ಬಲ ಮಾತ್ರ ಹೋಗಿತ್ತು.

ಹಾಸಿಗೆಯ ಅಪಾಯಗಳನ್ನು ಕುರಿತು 1947ರಲ್ಲಿಯೇ ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯನು ಎಚ್ಚರಿಸಿದ್ದನು. ಅಳೆದು ನೋಡಲು ಮತ್ತೆ ನಲವತ್ತು ವರ್ಷ ಬೇಕಾಯಿತು. 1986ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 203 ರೋಗಿಗಳ ಪೈಕಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ವಿಶ್ರಾಂತಿ ಹೇಳಿದರು. ಗುಣದಲ್ಲಿ ಭೇದವಿರಲಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು, ಅಷ್ಟೆ. 1995ರಲ್ಲಿ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಹೊಸದಾಗಿ ನೋವು ಬಂದವರಲ್ಲಿ ಮಲಗಿದವರೇ ಎಲ್ಲರಿಗಿಂತ ನಿಧಾನವಾಗಿ ಚೇತರಿಸಿಕೊಂಡರು; ಸಹಿಸಿದಷ್ಟು ಮಟ್ಟಿಗೆ ನಿತ್ಯದ ಕೆಲಸ ಮಾಡಿಕೊಂಡಿದ್ದವರು ಎಲ್ಲರಿಗಿಂತ ಬೇಗ.

ನೋವು ತಿಂಗಳುಗಟ್ಟಲೆ ನಿಂತವರಿಗೆ ಉಪಾಯವೇನು? ಇಲ್ಲಿ ನಮ್ಮ ಮೈಸೂರಿನ ಪ್ರಸ್ತಾಪ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗಮಕರಂದ’ 1934ರಲ್ಲಿ ಕನ್ನಡದಲ್ಲಿಯೇ ಅಚ್ಚಾಯಿತು. ಅದೇ ವರ್ಷ ಕೋಲಾರದ ಸೀಮೆಯ ಬೆಳ್ಳೂರಿನ ಬಡಕಲು ಹುಡುಗನೊಬ್ಬನು ಅಕ್ಕಭಾವಂದಿರ ಆ ಮನೆಗೆ ಬಂದು ಸೇರಿದನು. ಅವರೇ ಮುಂದೆ ಲೋಕವಿಖ್ಯಾತರಾದ ಬಿ. ಕೆ. ಎಸ್. ಅಯ್ಯಂಗಾರ್ಯರು. 2005ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಬಹುಕಾಲದ ಬೆನ್ನುನೋವಿದ್ದ 101 ಮಂದಿಯ ಒಂದು ಭಾಗಕ್ಕೆ ಕೃಷ್ಣಮಾಚಾರ್ಯರ ಪರಂಪರೆಯ ಯೋಗವನ್ನೇ ಹನ್ನೆರಡು ವಾರ ಕಲಿಸಿದರು. ಪುಸ್ತಕ ಮಾತ್ರ ಓದಿದವರಿಗಿಂತ ಅವರ ನಡೆನುಡಿ ಸುಗಮವಾಯಿತು. 2011ರಲ್ಲಿ ಪ್ರಕಟವಾದ ಇಂಗ್ಲೆಂಡಿನ 313 ಮಂದಿಯ ಪರೀಕ್ಷೆಯೂ ಅದಕ್ಕೆ ಅನುಕೂಲವಾಗಿಯೇ ಇದೆ. ಆದರೆ ಅದೇ ವರ್ಷ 228 ಮಂದಿಯಲ್ಲಿ ಯೋಗವನ್ನು ಸಾಧಾರಣ ಮೈಚಾಚುವ ವ್ಯಾಯಾಮದೊಡನೆ ಹೋಲಿಸಿದಾಗ ಎರಡೂ ಸಮಸಮವಾದವು. ಮೈಸೂರಿನವರಾದ ನಮಗೆ ಇದರಿಂದ ಕೊಂಚ ನಿರಾಶೆಯಾಯಿತೆಂದು ಒಪ್ಪಿಕೊಳ್ಳಬೇಕು. ದೊರೆತ ಗುಣವೂ ಮಿತವಾದುದೇ.

2017ರಲ್ಲಿ ಅಮೆರಿಕದ ವೈದ್ಯಮಂಡಲಿಯು ಬಹುಕಾಲದ ಬೆನ್ನುನೋವಿಗೆ ಮೊದಲು ವ್ಯಾಯಾಮ, ಯೋಗ, ಮನಶ್ಶಿಕ್ಷಣ ಮೊದಲಾದವುಗಳನ್ನೂ, ಅವು ಸಾಲದಾದರೆ ಸಾಮಾನ್ಯ ಔಷಧಗಳನ್ನೂ, ಎಲ್ಲಕ್ಕೂ ಕಡೆಯಲ್ಲಿ ಅಫೀಮು ವರ್ಗದವನ್ನೂ ಇಟ್ಟಿತು. ಇದನ್ನು ಕೇಳಿ, ಅಂಥ ಮಾತ್ರೆಯನ್ನು ಬಹುದಿನದಿಂದ ಸೇವಿಸುತ್ತಿರುವವರು ನಾಳೆಯೇ ಬಿಸುಡಬಾರದು. ಒಮ್ಮೆಗೇ ಬಿಟ್ಟರೆ ದೇಹ ತಾಳಲಾರದು. ವೈದ್ಯರ ನೋಟದಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕು. ಬೆನ್ನುನೋವಿನೊಡನೆ ಜ್ವರ ಬಂದರೆ, ಕಾಲು ಸೋತರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಆಸನಗಳನ್ನು ಬದಿಗಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.