ವಾರಕ್ಕೊಂದು ಸೂ: ಲಿಯೋನಿನ ಕಾಣಿಕೆ ಮತ್ತು ಮಿಷನ್ ಪತ್ರಗಳ ಓದು

ಗಡಿನಾಡಿನ ಕಥೋಲಿಕ ಸಮುದಾಯಗಳ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಹೊರಟವರು ಬಹುಬೇಗ ಫ್ರೆಂಚ್ ಭಾಷೆಯ ಮಿಷನ್ ಪತ್ರಗಳ ಎದುರು ಬಂದು ನಿಲ್ಲುತ್ತಾರೆ. 1930ರಲ್ಲಿ ಸೇಲಂ ಧರ್ಮಪ್ರಾಂತ್ಯ ರಚನೆಯಾಗುವವರೆಗೆ ಹೊಸೂರು ಸೀಮೆ ಮೈಸೂರಿನ ಧರ್ಮಾಧ್ಯಕ್ಷರ ಆಡಳಿತದಲ್ಲಿತ್ತು. ಮೈಸೂರು ಮಿಷನ್ನನ್ನು ನಡೆಸುತ್ತಿದ್ದವರು ಪ್ಯಾರಿಸ್ ವಿದೇಶೀ ಮಿಷನ್ ಸಂಘದ ಗುರುಗಳು. ಅವರು ಬರೆದ ಪತ್ರಗಳನ್ನು ನಾವು ಸಾಮಾನ್ಯವಾಗಿ ಕಣ್ಣಾರೆ ಕಂಡವರ ಸಾಕ್ಷ್ಯವೆಂದು ಓದುತ್ತೇವೆ. ಆದರೆ ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಪತ್ರಗಳನ್ನು ಯಾರು ಓದಲೆಂದು ಬರೆಯಲಾಯಿತು? ಉತ್ತರ ನಮ್ಮ ಸೀಮೆಯಲ್ಲಿಲ್ಲ, ಫ್ರಾನ್ಸಿನ ರೇಷ್ಮೆ ಪಟ್ಟಣವಾದ ಲಿಯೋನಿನಲ್ಲಿದೆ.

ಪೊಲೀನ್ ಜಾರಿಕೊ 1799ರಲ್ಲಿ ಲಿಯೋನಿನ ರೇಷ್ಮೆ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವಳು. ಗುರುವಾಗಲೆಂದು ಪ್ಯಾರಿಸಿನಲ್ಲಿ ಓದುತ್ತಿದ್ದ ಅಣ್ಣನಿಂದ, ಏಷ್ಯಾದ ಮಿಷನ್‌ಗಳು ಹಣವಿಲ್ಲದೆ ಸೊರಗುತ್ತಿರುವ ಸುದ್ದಿ ಅವಳಿಗೆ ತಲಪಿತು. ಫ್ರಾನ್ಸಿನ ಮಹಾಕ್ರಾಂತಿಯ ನಂತರ ಅರಮನೆಯ ಮತ್ತು ಶ್ರೀಮಂತ ಮಠಗಳ ಪೋಷಣೆ ಬತ್ತಿಹೋಗಿದ್ದ ಕಾಲ ಅದು. ಅವಳು ಸಿರಿವಂತರ ಬಾಗಿಲಿಗೆ ಹೋಗಲಿಲ್ಲ. ರೇಷ್ಮೆ ಕಾರ್ಖಾನೆಯ ಕೆಲಸಗಾರ ಹೆಣ್ಣುಮಕ್ಕಳಿಂದ ವಾರಕ್ಕೊಂದು ಸೂ ಪಡೆಯುವ ಏರ್ಪಾಡು ಮಾಡಿದಳು. ಸೂ ಎಂದರೆ ಫ್ರಾಂಕಿನ ಇಪ್ಪತ್ತರಲ್ಲೊಂದು ಭಾಗ. ಹತ್ತು ಜನರಿಗೊಬ್ಬರು ಸಂಗ್ರಾಹಕರು. ಅಂಥ ಹತ್ತು ಗುಂಪುಗಳು ಸೇರಿ ನೂರು. ಹತ್ತು ನೂರು ಸೇರಿ ಸಾವಿರ. ಒಬ್ಬರಿಂದ ವರ್ಷಕ್ಕೆ ಬರುವುದು ಎರಡೂವರೆ ಫ್ರಾಂಕಿಗಿಂತ ತುಸು ಹೆಚ್ಚು. ಸಾವಿರ ಜನರಿಂದ ಎರಡು ಸಾವಿರದ ಆರುನೂರು. ಪ್ರತಿಯೊಬ್ಬ ಸಂಗ್ರಾಹಕನಿಗೂ ಪರಿಚಯವಿರಬೇಕಾದುದು ಹತ್ತೇ ಮುಖಗಳು. ಈ ಸರಳತೆಯೇ ಅದರ ಬಲ.

1822ರ ಮೇ 3ರಂದು ಲಿಯೋನಿನಲ್ಲಿ ಧರ್ಮಪ್ರಸಾರ ಸಂಘ ವಿಧಿವತ್ತಾಗಿ ಸ್ಥಾಪನೆಯಾಯಿತು. ಪೊಲೀನ್ ಆ ಸಭೆಯಲ್ಲಿರಲಿಲ್ಲ. ಅಮೆರಿಕದ ಲೂಸಿಯಾನಾಕ್ಕಾಗಿ ಹಣ ಹುಡುಕುತ್ತಿದ್ದವರೂ ಏಷ್ಯಾದ ಮಿಷನ್‌ಗಳ ಹಿತೈಷಿಗಳೂ ಕೂಡಿ ಒಂದು ತೀರ್ಮಾನಕ್ಕೆ ಬಂದರು: ಸಂಗ್ರಹ ಯಾವುದೋ ಒಂದು ಮಿಷನ್ನಿಗಲ್ಲ, ಲೋಕದ ಎಲ್ಲ ಮಿಷನ್‌ಗಳಿಗೂ ಸಲ್ಲಬೇಕು. ಮೊದಲ ವರ್ಷದ ಸುಮಾರು 23 ಸಾವಿರ ಫ್ರಾಂಕುಗಳನ್ನು ಏಷ್ಯಾ, ಲೂಸಿಯಾನಾ ಮತ್ತು ಕೆಂಟಕಿಗಳಿಗೆ ಹಂಚಲಾಯಿತು. ತನ್ನ ಊರಿನ ಗುಡಿಯ ಗಂಟೆಗೆ ಮಾತ್ರ ಕಾಣಿಕೆ ಕೊಡುತ್ತಿದ್ದ ಧರ್ಮಕೇಂದ್ರದ ಭಕ್ತರು ಈಗ, ಎಂದೂ ಕಾಣದ ನಾಡುಗಳಿಗೆ ವಾರವಾರವೂ ಕಾಣಿಕೆ ಕೊಡುವವರಾದರು.

ಕಾಣದ ನಾಡಿಗೆ ಕೊಡುವುದನ್ನು ವರ್ಷಾನುಗಟ್ಟಲೆ ಉಳಿಸಿಕೊಳ್ಳುವುದು ಹೇಗೆ? ಸಂಘ ಕಂಡುಕೊಂಡ ಉಪಾಯ ಓದು. ಮಿಷನರಿಗಳ ಪತ್ರಗಳನ್ನು 'ಅನಾಲ್' ಎಂಬ ಹೆಸರಿನ ಪತ್ರಿಕೆಯಾಗಿ ಅಚ್ಚುಹಾಕಿ, ಪ್ರತಿ ಹತ್ತು ಜನರ ಗುಂಪಿಗೆ ಒಂದು ಪ್ರತಿಯಂತೆ ಕಳುಹಿಸಲಾಯಿತು. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸಬೇಕು. ಅಕ್ಷರ ಬಾರದವರಿಗೆ ಬಂದವರು ಓದಿ ಹೇಳಬೇಕು. ಹಿಂದಿನ ಶತಮಾನದಲ್ಲಿ ಯೇಸುಸಭೆಯವರು ಪ್ರಕಟಿಸಿದ್ದ ಪತ್ರಸಂಪುಟಗಳ ಮುಂದುವರಿಕೆಯೆಂದು ಈ ಪತ್ರಿಕೆ ತನ್ನನ್ನು ಕರೆದುಕೊಂಡಿತು. ಆದರೆ ಆ ಹಳೆಯ ಸಂಪುಟಗಳ ಓದುಗರಲ್ಲಿ ವೋಲ್ತೇರನಂಥ ವಿದ್ವಾಂಸರಿದ್ದರು. ಹೊಸ ಪತ್ರಿಕೆಯ ಓದುಗರು ನೇಕಾರರು, ಮನೆಗೆಲಸದವರು, ಹಳ್ಳಿಯ ರೈತರು. 1843ರಲ್ಲಿ ನಾನ್ಸಿಯ ಬಿಷಪ್ ಫೋರ್ಬಿನ್-ಜಾನ್ಸನ್ ಇದೇ ಮಾದರಿಯನ್ನು ಮಕ್ಕಳಿಗೂ ವಿಸ್ತರಿಸಿದರು: ದಿನಕ್ಕೊಂದು ಪ್ರಾರ್ಥನೆ, ತಿಂಗಳಿಗೊಂದು ಸೂ.

ಹೀಗೆ ನಾಣ್ಯ ಒಂದು ದಿಕ್ಕಿಗೆ ಹೋದರೆ ಪತ್ರ ಅದರ ಎದುರು ದಿಕ್ಕಿಗೆ ಬಂತು. ಇದು ಕೇವಲ ವಿತರಣೆಯ ವಿವರವಲ್ಲ. ಪತ್ರದ ಸ್ವರೂಪವನ್ನೇ ಇದು ನಿರ್ಧರಿಸಿತು. ಕೊಡುವವರ ಮನಸ್ಸು ಕರಗಬೇಕಾದರೆ ಕೊರತೆ ಕಾಣಬೇಕು. ಅದು ಉತ್ಸಾಹದಲ್ಲಿ ಉಳಿಯಬೇಕಾದರೆ ಫಲವೂ ಕಾಣಬೇಕು. ಬರಗಾಲ ಮತ್ತು ದೀಕ್ಷಾಸ್ನಾನ, ಅನಾಥ ಶಿಶು ಮತ್ತು ಹೊಸ ಗುಡಿ, ಈ ಜೋಡಿಗಳು ಲೋಕದ ಯಾವ ಮೂಲೆಯ ಪತ್ರದಲ್ಲೂ ಮತ್ತೆ ಮತ್ತೆ ಬರುವುದು ಅದಕ್ಕಾಗಿಯೇ. ಬರೆದವರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. 1876–78ರ ಬರಗಾಲ ನಿಜ. ಅನಾಥರಿಗಾಗಿ ಮಿಷನ್ ಬೆಂಗಳೂರಿನ ಸುತ್ತ ನೆಲೆಗೊಳಿಸಿದ ಸಿಲುವೆಪುರದಂಥ ಊರುಗಳೂ ನಿಜ. ಆದರೆ ಅದೇ ಊರಿನ ಹೆಸರಿನಲ್ಲಿರುವ 'ಸಿಲುವೆ' ತಮಿಳಿನ ದಾರಿಯಿಂದ ಬಂದ ಪದವೆಂಬುದು, ಅಂದರೆ ಅಲ್ಲಿನ ಜನರ ಪ್ರಾರ್ಥನೆಯಲ್ಲಿ ಎರಡು ಭಾಷೆಗಳು ಬೆರೆತಿದ್ದವೆಂಬುದು, ಲಿಯೋನಿನ ನೇಕಾರನಿಗೆ ಬೇಕಾದ ಸುದ್ದಿಯಾಗಿರಲಿಲ್ಲ. ಭಾಷಾ ಅಲ್ಪಸಂಖ್ಯಾತರ ಚರಿತ್ರೆಗೆ ಅತ್ಯಗತ್ಯವಾದದ್ದೇ ಈ ಪ್ರಕಾರದ ಬರಹಕ್ಕೆ ಅನಗತ್ಯವಾಗಿತ್ತು.

ಇದಕ್ಕೆ ವ್ಯತಿರಿಕ್ತವಾದ ದನಿಯೊಂದು ಅದೇ ಕಾಲದಲ್ಲಿ, ಅದೇ ಪ್ಯಾರಿಸ್ ಸಂಘದೊಳಗಿನಿಂದ ಹೊರಟಿತ್ತು. ಮೈಸೂರು ಸೀಮೆಯಲ್ಲಿ ದೀರ್ಘಕಾಲ ದುಡಿದಿದ್ದ ಅಬ್ಬೆ ದ್ಯುಬ್ವಾ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಭಾರತದಲ್ಲಿ ಮತಾಂತರದ ಯತ್ನ ಫಲಿಸಲಾರದೆಂದು ಅವರು ವಾದಿಸಿದರು. ಲಿಯೋನಿನ ಸಂಘಕ್ಕೆ ಆಗಿನ್ನೂ ಒಂದು ವರ್ಷ. ದಾನಿಯನ್ನು ಎದುರಿಗಿಟ್ಟುಕೊಳ್ಳದೆ ಬರೆದಾಗ ಮಿಷನರಿಯ ಪತ್ರ ಎಷ್ಟು ಬೇರೆಯಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ದ್ಯುಬ್ವಾರದೇ ಸತ್ಯ, ಉಳಿದವರದು ಮಿಥ್ಯ ಎನ್ನುವುದೂ ಸರಿಯಲ್ಲ. ಅವರಿಗೂ ಒಬ್ಬ ಓದುಗನಿದ್ದ, ಅವನು ಪ್ರೊಟೆಸ್ಟಂಟ್ ಮಿಷನ್‌ಗಳ ಭರವಸೆಯನ್ನು ನಂಬಿದ್ದ ಇಂಗ್ಲಿಷ್ ಓದುಗ. 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಲ್ಯಾಟಿನ್–ಕನ್ನಡ ನಿಘಂಟು ಇನ್ನೊಂದು ಬಗೆಯ ಬರಹ. ಅದನ್ನು ತಂದ ಮೈಸೂರು ಮಿಷನ್ನಿಗೆ ಅದು ದಿನನಿತ್ಯದ ಉಪಕರಣ. ಅದರಲ್ಲಿ ಕನ್ನಡವೇ ಮುಖ್ಯ ವಿಷಯ, ಕರುಣೆಯಲ್ಲ.

ಪೊಲೀನಳ ಬದುಕು ಅವಳ ಲೆಕ್ಕಾಚಾರದಷ್ಟು ಅಚ್ಚುಕಟ್ಟಾಗಿ ಮುಗಿಯಲಿಲ್ಲ. ಕೂಲಿಗಾಗಿ ಲಿಯೋನಿನ ನೇಕಾರರು 1831ರಲ್ಲೂ 1834ರಲ್ಲೂ ದಂಗೆಯೆದ್ದುದನ್ನು ಕಂಡಿದ್ದ ಅವಳು, ಕೆಲಸಗಾರರಿಗೆ ನ್ಯಾಯವಾದ ಬಾಳು ಸಿಗಲೆಂದು ಕಬ್ಬಿಣದ ಕಾರ್ಖಾನೆಯೊಂದಕ್ಕೆ ಹಣ ಹಾಕಿದಳು. ನಂಬಿದವರು ಮೋಸಮಾಡಿದರು. ಲೋಕದ ಮಿಷನ್‌ಗಳಿಗೆ ಹಣದ ದಾರಿ ತೋರಿದವಳು ಸಾಲದಲ್ಲಿ ಮುಳುಗಿ, 1862ರಲ್ಲಿ ಬಡವಳಾಗಿಯೇ ತೀರಿಕೊಂಡಳು. 2022ರ ಮೇ 22ರಂದು ಲಿಯೋನಿನಲ್ಲಿ ಧರ್ಮಸಭೆ ಅವಳನ್ನು ಪುನೀತಳೆಂದು ಘೋಷಿಸಿತು.

ಸಂಘದ ಶತಮಾನೋತ್ಸವದ ದಿನವಾದ 1922ರ ಮೇ 3ರಂದು ಪೋಪ್ ಹನ್ನೊಂದನೆಯ ಪಯಸ್ ಅದನ್ನು ಪೋಪ್ ಪೀಠದ ಸಂಸ್ಥೆಯಾಗಿಸಿದರು. ಕೇಂದ್ರ ಲಿಯೋನಿನಿಂದ ರೋಮಿಗೆ ಹೋಯಿತು. 1926ರಲ್ಲಿ ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಹಿಂದಿನ ಭಾನುವಾರವನ್ನು ಮಿಷನ್ ಭಾನುವಾರವೆಂದು ಗೊತ್ತುಪಡಿಸಲಾಯಿತು. ಅಂದಿನ ಕಾಣಿಕೆ ಇಡೀ ಲೋಕದ ಕಥೋಲಿಕ ಧರ್ಮಕೇಂದ್ರಗಳಿಂದ ಒಂದೇ ನಿಧಿಗೆ ಸೇರುತ್ತದೆ. ಒಂದು ಕಾಲಕ್ಕೆ ಪಡೆಯುವವರ ಪಟ್ಟಿಯಲ್ಲಿದ್ದ ಊರುಗಳು ಹೀಗೆ ಕೊಡುವವರ ಪಟ್ಟಿಗೂ ಬಂದವು. ರಾಜ್ಯದ ಗಡಿ ಬದಲಾದರೂ ಕಾಸರಗೋಡು ಭಾಗದ ಬೇಳದಂಥ ಧರ್ಮಕೇಂದ್ರಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲಿವೆ. ಅಲ್ಲಿಯೂ ಅಕ್ಟೋಬರಿನ ಆ ಭಾನುವಾರ ತಟ್ಟೆ ಸಾಲಿನಿಂದ ಸಾಲಿಗೆ ಸಾಗುತ್ತದೆ. ಹತ್ತು ಜನರ ಗುಂಪೂ ಕೈಯಿಂದ ಕೈಗೆ ದಾಟುತ್ತಿದ್ದ ಪತ್ರಿಕೆಯೂ ಈಗಿಲ್ಲ.

ಹಾಗಾದರೆ ಸಂಶೋಧಕರು ಮಾಡಬೇಕಾದುದೇನು? ಮಿಷನ್ ಪತ್ರಗಳನ್ನು ಬದಿಗಿಡುವುದಲ್ಲ. ಅವುಗಳ ಪಕ್ಕದಲ್ಲಿ ದಾನಿಗಾಗಿ ಬರೆಯದ ದಾಖಲೆಗಳನ್ನು ಇಟ್ಟು ಓದುವುದು. ಅಂಥವುಗಳಲ್ಲಿ ಮೊದಲನೆಯದು ಧರ್ಮಕೇಂದ್ರದ ದೀಕ್ಷಾಸ್ನಾನದ ಪುಸ್ತಕ. ಅದರಲ್ಲಿ ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನಪೋಷಕರ ಹೆಸರು ಇರುತ್ತವೆ. ಯಾವ ಮನೆಯವರು ಯಾವ ಮನೆಯವರನ್ನು ಜ್ಞಾನಪೋಷಕರಾಗಿ ಕರೆದರು, ಹೆಸರುಗಳು ಕನ್ನಡದವೋ ತಮಿಳಿನವೋ ಕೊಂಕಣಿಯವೋ ಎಂಬುದನ್ನು ತಲೆಮಾರುಗಳುದ್ದಕ್ಕೂ ಅಲ್ಲಿ ಹಿಂಬಾಲಿಸಬಹುದು. ಪತ್ರದಲ್ಲಿ 'ಬಡ ಕ್ರೈಸ್ತರು' ಎಂದು ಒಟ್ಟಾಗಿ ಕಾಣಿಸಿಕೊಂಡವರಿಗೆ ಈ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಹೆಸರಿದೆ. ಗೆದ್ದಲು ಹಿಡಿಯುವ ಮುನ್ನ ಇವುಗಳ ಪ್ರತಿ ತೆಗೆದಿಡುವುದು ನಮ್ಮ ತಲೆಮಾರಿನ ಹೊಣೆ. ಲಿಯೋನಿನ ನೇಕಾರ ಹೆಂಗಸು ಕೊಟ್ಟ ಸೂ ನಮ್ಮವರನ್ನು ಬರಹದ ಲೋಕಕ್ಕೆ ತಂದಿತು. ಅವರ ಹೆಸರುಗಳನ್ನು ಓದಿ ಹೇಳುವ ಕೆಲಸ ಇನ್ನೂ ಬಾಕಿಯಿದೆ.