ಎತ್ತಿಗೆ ಸೋಮವಾರ, ಹೆಂಗಸರಿಗೆ ಕೌದಿ

ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುತ್ತಿರಲಿಲ್ಲ. ಅದು ಬಸವನ ವಾರ. ಮಳೆ ಬಿದ್ದು ಹೊಲ ಹದವಾಗಿದ್ದರೂ ಆರು ಕಟ್ಟುವುದು ಮರುದಿನವೇ. ಎತ್ತಿಗೆ ಬಿಡುವಾದರೆ ಅದರ ಹಿಂದೆ ನಡೆಯುವ ಗಂಡಸಿಗೂ ಅಷ್ಟರಮಟ್ಟಿಗೆ ಬಿಡುವು. ಆದರೆ ಒಲೆಗೆ ಸೋಮವಾರವೆಂಬುದಿರಲಿಲ್ಲ. ಬೀಸುವ ಕಲ್ಲಿಗೂ ಇರಲಿಲ್ಲ. ಹಳ್ಳಿಯ ವಾರದ ಲೆಕ್ಕದಲ್ಲಿ ಎತ್ತಿಗೆ ಇದ್ದ ರಜೆ ಹೆಂಗಸಿಗೆ ಇರಲಿಲ್ಲ.

ಪಟ್ಟಣದ ವಾರದ ರಜೆಯ ಚರಿತ್ರೆಯೂ ನಾವು ಊಹಿಸುವಷ್ಟು ಹಳೆಯದಲ್ಲ. ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು 1890ರಲ್ಲಿ. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಶನಿವಾರವೂ ಸೇರಿ ಎರಡು ದಿನಗಳ ರಜೆ ಬಂದದ್ದು 1985ರಲ್ಲಿ. ಇಂದು ಎಲ್ಲರ ಬಾಯಲ್ಲಿರುವ ‘ವೀಕೆಂಡ್’ ಎಂಬುದು, ಹಾಗೆ ನೋಡಿದರೆ, ನನ್ನ ವಿದ್ಯಾರ್ಥಿಗಳಲ್ಲಿ ಹಿರಿಯರಾದವರಿಗಿಂತ ಕಿರಿಯ.

ಇದೆಲ್ಲ ಈಗ ನೆನಪಾದದ್ದಕ್ಕೆ ಕಾರಣವುಂಟು. ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಪತ್ರ ಬರೆದಿದ್ದಾಳೆ. ಆಕೆಯೂ ಆಕೆಯ ಗೆಳತಿಯರು ನಾಲ್ವರೂ ಒಂದು ಶನಿವಾರ, ಭಾನುವಾರ ಹಳೇಬೀಡಿನ ಕಡೆ ಬಂದು, ಬಸ್ತಿಹಳ್ಳಿಯ ಸುತ್ತಮುತ್ತ ಎಲ್ಲಿಯಾದರೂ ತಂಗಿ, ಒಟ್ಟಿಗೆ ಕುಳಿತು ಕೌದಿ ಹೊಲಿಯಬೇಕೆಂದಿದ್ದಾರಂತೆ. ಹೊರಡುವ ಮೊದಲೇ ಎರಡು ಆಕ್ಷೇಪಣೆಗಳು ಎದ್ದಿವೆ. ಗೆಳತಿಯರಲ್ಲಿ ಇಬ್ಬರದು ಒಂದು: ಅಷ್ಟು ದೂರ ಬಂದು, ಕೆರೆ, ಗುಡ್ಡ, ಹೊಲಗಳನ್ನು ಬಿಟ್ಟು, ಬಟ್ಟೆಯ ಮೇಲೆ ತಲೆ ಬಗ್ಗಿಸಿ ಕೂರುವುದೇ? ಅತ್ತೆಯವರದು ಇನ್ನೊಂದು: ಹೊಲಿಗೆಗೆಂದು ಮನೆ ಬಿಟ್ಟು ಹೋಗಬೇಕೇ? ಇತಿಹಾಸದಲ್ಲಿ ಇದಕ್ಕೇನಾದರೂ ಉತ್ತರವಿದೆಯೇ ಮೇಷ್ಟ್ರೇ, ಎಂದು ಕೇಳಿದ್ದಾಳೆ. ಇತಿಹಾಸದ ಪಾಠದಲ್ಲಿ ನಾನು ಎಂದೂ ಹೇಳದಿದ್ದ ವಿಷಯವಿದು. ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುವುದನ್ನು ಹಳೆಯ ಮೈಸೂರು ಸೀಮೆಯಲ್ಲಿ ಬೊಂತೆ ಎಂದೂ ಕರೆಯುವುದುಂಟು. ಸಂಸ್ಕೃತದ ‘ಕಂಥಾ’ ಕನ್ನಡದಲ್ಲಿ ಕಂತೆಯಾಯಿತು. ಬಂಗಾಳದಲ್ಲಿ ಅದೇ ಕಾಂಥಾ ಎಂದು ಪ್ರಸಿದ್ಧಿ ಪಡೆಯಿತು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವು ಬಳಸುತ್ತಲೇ ಇದ್ದೇವೆ, ಎರಡೂ ಹರಕು ಬಟ್ಟೆಯ ಹೆಸರುಗಳೆಂಬುದನ್ನು ಮರೆತು. ಲೋಕವನ್ನು ತೊರೆದ ಅವಧೂತರು ತೇಪೆಯ ಕಂಥೆಯನ್ನು ಹೊದ್ದು ತಿರುಗುತ್ತಿದ್ದರು. ಸಂಸಾರಸ್ಥರ ಮನೆಯಲ್ಲಿ ಅದೇ ವಸ್ತು ಬಾಣಂತಿಯ ಹಾಸಿಗೆ, ಕೂಸಿನ ಹೊದಿಕೆ.

ಹೊಲಿಯುವ ಕ್ರಮ ಸರಳ, ಶ್ರಮ ಮಾತ್ರ ಬಹಳ. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆಗಳನ್ನೂ ಪಂಚೆಗಳನ್ನೂ ಒಗೆದು ಒಣಗಿಸಿ, ಗಟ್ಟಿಯಾಗಿ ಉಳಿದಿರುವ ಭಾಗವನ್ನು ಆಯ್ದುಕೊಳ್ಳುತ್ತಾರೆ. ನೆಲದ ಮೇಲೆ ಒಂದು ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಪದರ ಪದರವಾಗಿ ಹಳೆಯ ಬಟ್ಟೆ ಹರಡಿ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಜರುಗದಂತೆ ಅಲ್ಲಲ್ಲಿ ಟಾಕು ಹಾಕುವುದು ಮೊದಲ ಕೆಲಸ. ಇದು ಒಬ್ಬರಿಂದ ಆಗುವುದಲ್ಲ. ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು ಎಳೆಯಬೇಕು. ಆಮೇಲೆ ದಪ್ಪ ಸೂಜಿ, ಗಟ್ಟಿ ದಾರ. ಮೇಲೊಂದು ಕೆಳಗೊಂದು ಚುಚ್ಚುತ್ತ, ಬೆರಳಗಲದ ಅಂತರದಲ್ಲಿ, ಸಾಲಿನ ಪಕ್ಕಕ್ಕೆ ಸಾಲು. ಹೊಲಿದ ಸಾಲುಗಳು ನೇಗಿಲ ಸಾಲಿನಂತೆಯೇ ಕಾಣುತ್ತವೆ.

ಈ ಕೆಲಸಕ್ಕೆ ಒಂದು ಕಾಲವಿತ್ತು, ಒಂದು ಸ್ಥಳವಿತ್ತು. ರಾಗಿಯ ಒಕ್ಕಣೆ ಮುಗಿದು, ಸಂಕ್ರಾಂತಿ ಕಳೆದು, ಅಶ್ವಿನಿ, ಭರಣಿ ಮಳೆಗಳಿಗೆ ಇನ್ನೂ ಎರಡು ಮೂರು ತಿಂಗಳಿರುವಾಗ ಹೊಲದ ಕೆಲಸ ತೆರವಾಗುತ್ತದೆ. ಮಳೆಯ ಭಯವಿಲ್ಲದೆ ಬಟ್ಟೆಯನ್ನು ಬಯಲಿನಲ್ಲಿ ಹಾಸಬಹುದಾದದ್ದು ಆಗಲೇ. ಕರೆಂಟು ಇಲ್ಲದ ದಿನಗಳಲ್ಲಿ, ಹೊಗೆ ತುಂಬಿದ ನಡುಮನೆಯಲ್ಲಿ, ಹರಳೆಣ್ಣೆ ದೀಪದ ಬೆಳಕಿನಲ್ಲಿ ಇಂಥ ಹೊಲಿಗೆ ಸಾಧ್ಯವಿರಲಿಲ್ಲ. ಆದ್ದರಿಂದ ಕೌದಿ ಹೊರಗೆ ಬಂತು: ಜಗಲಿಗೆ, ಖಾಲಿ ಕಣಕ್ಕೆ, ಹೊಂಗೆಮರದ ಅಡಿಗೆ. ಹೊತ್ತು ಏರಿದಂತೆ ನೆರಳು ಸರಿಯುತ್ತಿತ್ತು. ನೆರಳಿನೊಡನೆ ಕೌದಿಯನ್ನೂ ಎಳೆದುಕೊಂಡು ಹೆಂಗಸರು ಸರಿಯುತ್ತಿದ್ದರು. ಎಲೆ ಉದುರುವುದನ್ನೂ ಮಾಘದಲ್ಲಿ ಗಾಳಿಯ ದಿಕ್ಕು ತಿರುಗುವುದನ್ನೂ ಗಮನಿಸಲು ಅವರು ಬೇರೆ ಸಮಯ ತೆಗೆದಿಡಬೇಕಾಗಿರಲಿಲ್ಲ.

ಸೂಜಿಗೆ ದಾರ ಪೋಣಿಸಲು ಮುದುಕಿಯರಿಗೆ ಎಳೆಯ ಕಣ್ಣುಗಳು ಬೇಕಾಗುತ್ತಿದ್ದವು. ಆ ಕೆಲಸಕ್ಕೆ ನನ್ನನ್ನೂ ನನ್ನ ವಾರಿಗೆಯ ಹುಡುಗರನ್ನೂ ಕರೆಯುತ್ತಿದ್ದರು. ಪೋಣಿಸಿ ಆದೊಡನೆ ‘ಹೋಗ್ರೋ ಆಚೆ’ ಎಂದು ಅಟ್ಟುತ್ತಿದ್ದರು, ಏಕೆಂದರೆ ಅಲ್ಲಿ ನಡೆಯುವ ಮಾತು ಗಂಡುಮಕ್ಕಳ ಕಿವಿಗಲ್ಲ. ಅದೇನು ಮಾತೆಂಬುದು ಬಹಳ ಕಾಲದ ಮೇಲೆ ನನ್ನ ತಾಯಿಯವರಿಂದ ತಿಳಿಯಿತು. ಯಾರ ಮನೆಯಲ್ಲಿ ಹೊಡೆತ, ಯಾವ ಸೊಸೆಗೆ ಹೊಟ್ಟೆ ತುಂಬ ಊಟವಿಲ್ಲ, ಯಾವ ಹುಡುಗಿಯನ್ನು ಎಂಥ ಮನೆಗೆ ಕೊಡಬಾರದು, ಇವೆಲ್ಲ ತೀರ್ಮಾನವಾಗುತ್ತಿದ್ದುದು ಅಲ್ಲಿ. ಸೋಬಾನೆ ಪದಗಳನ್ನು ಕಿರಿಯರು ಕಲಿಯುತ್ತಿದ್ದುದೂ ಅಲ್ಲಿಯೇ. ಇಂದು ನಮ್ಮ ಮನೆಯ ಕೌದಿಗೆ ನೀವು ಬಂದಿರಿ, ನಾಳೆ ನಿಮ್ಮ ಮನೆಯ ಕೌದಿಗೆ ನಾವು. ಹೊಲದ ಕೆಲಸದಂತೆ ಇಲ್ಲಿಯೂ ಮುಯ್ಯಾಳಿನ ಪದ್ಧತಿ. ಸುಮ್ಮನೆ ಗುಂಪು ಕಟ್ಟಿ ಹರಟುತ್ತ ಕುಳಿತಿದ್ದರೆ ಮನೆಯ ಹಿರಿಯರು ಸಹಿಸುತ್ತಿರಲಿಲ್ಲ. ಮಡಿಲಲ್ಲಿ ಕೌದಿಯಿದ್ದರೆ ಯಾರೂ ಏಳಿಸುತ್ತಿರಲಿಲ್ಲ. ಕೆಲಸವೆಂಬ ಹೆಸರಿನಲ್ಲಿ ಹೆಂಗಸರು ತಾವೇ ಪಡೆದುಕೊಂಡ ರಜೆ ಅದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಶಾಸನಾಧಾರ ಕೇಳಿದರೆ ಕೊಡಲಾರೆ. ಬಸ್ತಿಹಳ್ಳಿಗೆ ಶಾಲೆಯಿಂದ ಪ್ರವಾಸ ಹೋದಾಗ, ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳಲ್ಲಿ ನೀವೆಲ್ಲ ಮುಖ ನೋಡಿಕೊಂಡು ನಕ್ಕದ್ದು ನೆನಪಿರಬಹುದು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ, ಅವನ ಮಗ ಬೊಪ್ಪ ತಂದೆಯ ನೆನಪಿಗೆಂದು 1133ರಲ್ಲಿ ಕಟ್ಟಿಸಿದ ಬಸದಿ ಅದು. ಹೊಯ್ಸಳರ ಕಾಲದ ಸ್ತ್ರೀಯರ ಹೆಸರುಗಳೂ ಕಲ್ಲಿನಲ್ಲಿ ಇಲ್ಲದಿಲ್ಲ. ಗಂಗರಾಜನ ಪತ್ನಿ ಲಕ್ಷ್ಮಿ ಶ್ರವಣಬೆಳಗೊಳದಲ್ಲಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು. ಶಾಂತಲಾದೇವಿ 1123ರಲ್ಲಿ ಅಲ್ಲಿಯೇ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಆದರೆ ಆ ಮದನಿಕೆಯರ ಕೈಯಲ್ಲಿ ಕನ್ನಡಿ, ಗಿಳಿ, ವಾದ್ಯ ಕಂಡಿದ್ದೇನೆಯೇ ಹೊರತು ಸೂಜಿ ಕಂಡಿಲ್ಲ. ಕಲ್ಲು ಒಂಬೈನೂರು ವರ್ಷ ಬಾಳುತ್ತದೆ, ಬಟ್ಟೆ ಬಾಳುವುದಿಲ್ಲ. ಬೊಪ್ಪ ತಂದೆಗಾಗಿ ಕಲ್ಲು ನಿಲ್ಲಿಸಿದಂತೆ, ಸತ್ತ ತಾಯಿಯ ಸೀರೆಗಳನ್ನು ಮಗಳು ಕೌದಿಯ ಮೇಲುಹಾಸಿಗೆ ಸೇರಿಸುತ್ತಿದ್ದಳು. ಒಂದೆರಡು ತಲೆಮಾರಿಗೆ ಅದು ಹರಿದು, ಇನ್ನೊಂದು ಕೌದಿಯ ಒಳಪದರವಾಗುತ್ತಿತ್ತು.

ಎಲ್ಲರಿಗೂ ಕೌದಿ ಬಿಡುವಿನ ಕೆಲಸವಾಗಿತ್ತೆಂದು ತಿಳಿಯಬಾರದು. ಉತ್ತರ ಕರ್ನಾಟಕದಲ್ಲಿ ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಮನೆಮನೆಗೆ ಹೋಗಿ, ಅಂಗಳದಲ್ಲಿ ಕುಳಿತು, ಕೂಲಿಗೆ ಕೌದಿ ಹೊಲಿದುಕೊಡುತ್ತ ಬಂದಿದ್ದಾರೆ. ಅವರು ಕುಳಿತದ್ದೂ ಅದೇ ಮರದ ನೆರಳಿನಲ್ಲಿ. ಆದರೆ ಆ ನೆರಳು ಅವರ ಪಾಲಿಗೆ ವಿಹಾರವಾಗಿರಲಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಮಹಿಳೆಯರ ‘ಕವಂದ್’ ಇವುಗಳಲ್ಲಿ ವಿಶಿಷ್ಟವಾದದ್ದು. ಆಫ್ರಿಕಾ ಮೂಲದ ಈ ಜನ ಕಾಡಿನಂಚಿನ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿದವರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ತ್ರಿಕೋನಾಕಾರದ ಬಟ್ಟೆಯ ‘ಫೂಲ’, ಅಂದರೆ ಹೂವು, ಇರಲೇಬೇಕು. ಅದಿಲ್ಲದ ಕವಂದ್ ಅವರಿಗೆ ಬತ್ತಲೆಯಂತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವರ ನಡುವೆ ಅಧ್ಯಯನ ನಡೆಸಿದರು. 2004ರಲ್ಲಿ ಸಿದ್ದಿ ಮಹಿಳೆಯರದೇ ಕೌದಿ ಸಹಕಾರ ಸಂಘ ರೂಪುಗೊಂಡಿತು.

ಅಮೆರಿಕದಲ್ಲಿಯೂ ಹೀಗೆ ಸೇರಿ ಹೊಲಿಯುವ ಪದ್ಧತಿಗೆ ಹಳೆಯ ಚರಿತ್ರೆಯಿದೆ. ಅಲ್ಲಿ ಅದಕ್ಕೆ ‘ಕ್ವಿಲ್ಟಿಂಗ್ ಬೀ’ ಎಂದು ಹೆಸರು. ಅಲಬಾಮಾ ಸಂಸ್ಥಾನದ ಕಪ್ಪು ಮಹಿಳೆಯರು ನಾಗರಿಕ ಹಕ್ಕುಗಳ ಚಳವಳಿಯ ಕಾಲದಲ್ಲಿ, 1966ರಲ್ಲಿ, ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘವನ್ನು ಕಟ್ಟಿ ಕೌದಿ ಮಾರಿ ಬದುಕಿದರು. ಅದೇ ಪ್ರದೇಶದ ಜೀಸ್ ಬೆಂಡ್ ಎಂಬ ಊರಿನ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯದ ಗೋಡೆ ಏರಿದವು. ನಮ್ಮ ಕಡೆಯ ಕೌದಿಗಳು ಆ ಹೊತ್ತಿಗೆ ಅಟ್ಟ ಏರಿದ್ದವು.

ಏಕೆ ಅಟ್ಟ ಏರಿದವು? ಸೋಮಾರಿತನವೆಂದು ಹಿರಿಯರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಹತ್ತಿಯ ಸೀರೆಯ ಜಾಗಕ್ಕೆ ನೈಲಾನ್, ಪಾಲಿಯೆಸ್ಟರ್ ಬಂದವು. ಅವು ಜಾರುತ್ತವೆ, ಬೆವರು ಹೀರುವುದಿಲ್ಲ, ಎಷ್ಟು ಉಟ್ಟರೂ ಮೆತ್ತಗಾಗುವುದಿಲ್ಲ. ಕೌದಿಗೆ ಕಚ್ಚಾವಸ್ತುವೇ ಇಲ್ಲವಾಯಿತು. ಸೊಲ್ಲಾಪುರದ ಚಾದರ, ಗಿರಣಿಯ ಕಂಬಳಿ ಸಂತೆಯಲ್ಲಿ ಅಗ್ಗಕ್ಕೆ ದೊರೆತವು. ಬೆಚ್ಚಗೆ ಮಲಗಲು ಯಾರಿಗೂ ಕೊರತೆಯಾಗಲಿಲ್ಲ. ಆದರೆ ಸಂಕ್ರಾಂತಿಯ ನಂತರದ ಆ ಮಧ್ಯಾಹ್ನಗಳು ಹೋದವು. ಅವುಗಳ ಬದಲಿಗೆ ಹೆಂಗಸರಿಗೆ ಏನು ಸಿಕ್ಕಿತೆಂದು ಲೆಕ್ಕ ಹಾಕಿದರೆ, ನನಗೆ ಮುಖ್ಯವಾಗಿ ಕಾಣುವುದು ಟಿವಿಯ ಧಾರಾವಾಹಿ. ಅದನ್ನು ಒಬ್ಬೊಬ್ಬರೂ ಅವರವರ ಮನೆಯೊಳಗೇ ನೋಡುತ್ತಾರೆ.

ಆದುದರಿಂದ, ಪತ್ರ ಬರೆದ ಮಗಳೇ, ಪ್ರಕೃತಿಗೆ ಎಷ್ಟು ಗಂಟೆ, ಹೊಲಿಗೆಗೆ ಎಷ್ಟು ಗಂಟೆ ಎಂದು ಪಾಲು ಮಾಡಲು ಹೊರಡಬೇಡ. ಪುಷ್ಯ, ಮಾಘದಲ್ಲಿ ಬನ್ನಿ. ಬಿಸಿಲೇರುವ ಮುನ್ನ ಪುಷ್ಪಗಿರಿ ಹತ್ತಿ ಇಳಿಯಿರಿ; ದೋರಸಮುದ್ರದ ಕೆರೆ ಅಲ್ಲಿಂದ ಕಾಣುತ್ತದೆ. ರಾಜಧಾನಿಗೆ ಹೆಸರು ಕೊಟ್ಟದ್ದು ಆ ಕೆರೆಯೇ. ಹತ್ತು ಗಂಟೆಯಿಂದ ನಾಲ್ಕರವರೆಗೆ, ಬಟ್ಟೆಯ ಎಳೆ ಕಾಣುವಷ್ಟು ಬೆಳಕಿರುವಾಗ, ಮರದ ಕೆಳಗೆ ಹಾಸಿಕೊಂಡು ಕುಳಿತುಕೊಳ್ಳಿ. ಬಸದಿಯ ಆವರಣದಲ್ಲಿ ಮಾತ್ರ ಬೇಡ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಥಳ, ಜೊತೆಗೆ ಜಿನಾಲಯ. ಸಂಜೆಯ ತಂಪಿನಲ್ಲಿ ಅಲ್ಲಿಗೂ ಕೇದಾರೇಶ್ವರಕ್ಕೂ ನಡೆದು ಬರಬಹುದು. ಕಲಿಸಲು ಗೊಂದಲಿಗರ ಅಜ್ಜಿಯೊಬ್ಬರು ದೊರೆತರೆ ಚೌಕಾಸಿ ಮಾಡದೆ ಎರಡು ದಿನದ ಕೂಲಿ ಕೊಡಿ, ನಿಮ್ಮ ಜೊತೆಯಲ್ಲೇ ಊಟಕ್ಕೆ ಕೂರಿಸಿಕೊಳ್ಳಿ. ದೊಡ್ಡ ಕೌದಿ ಎರಡು ದಿನದಲ್ಲಿ ಮುಗಿಯುವುದಿಲ್ಲ. ಐದು ಜನ ಸೇರಿದರೆ ತೊಟ್ಟಿಲಿನ ಅಳತೆಯದು ಮುಗಿದೀತು.

ಅತ್ತೆಯವರನ್ನೂ ಕರೆದುಕೊಂಡು ಬಾ. ಈಗ ಒಳ್ಳೆಯ ಹಳೆಯ ಹತ್ತಿ ಸೀರೆಗಳು ಇರುವುದು ಅವರ ವಯಸ್ಸಿನವರ ಪೆಟ್ಟಿಗೆಯಲ್ಲಿ ಮಾತ್ರ.