ಬಾಸೆಲ್ ಪ್ರಯೋಗಾಲಯ ಮತ್ತು ಹೋಮಿಯೋಬಾಕ್ಸ್

ಭ್ರೂಣದ ಜೀವಕೋಶಗಳಲ್ಲೆಲ್ಲ ಬಹುಮಟ್ಟಿಗೆ ಒಂದೇ ಜೀನುಗಳಿದ್ದರೂ ಒಂದೆಡೆ ಕಾಲು, ಇನ್ನೊಂದೆಡೆ ರೆಕ್ಕೆ ಮೂಡುವುದು ಹೇಗೆಂಬ ಪ್ರಶ್ನೆ ಜೀವವಿಜ್ಞಾನವನ್ನು ದೀರ್ಘಕಾಲ ಕಾಡಿತು. 1915ರಲ್ಲಿ ಕ್ಯಾಲ್ವಿನ್ ಬ್ರಿಡ್ಜಸ್ ಹಣ್ಣುನೊಣದಲ್ಲಿ ಗುರುತಿಸಿದ ಬೈಥೊರ್ಯಾಕ್ಸ್ ಎಂಬ ಉತ್ಪರಿವರ್ತನೆಯನ್ನು, ಅಂದರೆ ಜೀನಿನಲ್ಲಿ ಉಂಟಾದ ಆನುವಂಶಿಕ ಬದಲಾವಣೆಯನ್ನು, ಬೆನ್ನುಹತ್ತಿ ದಶಕಗಳ ಕಾಲ ದುಡಿದ ಕ್ಯಾಲಿಫೋರ್ನಿಯಾದ ಎಡ್ವರ್ಡ್ ಲೂಯಿಸ್, ದೇಹಖಂಡಗಳ ಸ್ವರೂಪವನ್ನು ನಿರ್ಧರಿಸುವ ಜೀನುಗಳು ವರ್ಣತಂತುವಿನ ಮೇಲೆ ಆ ಖಂಡಗಳ ಕ್ರಮದಲ್ಲಿಯೇ ಜೋಡಣೆಗೊಂಡಿವೆಯೆಂದು 1978ರಲ್ಲಿ ಪ್ರತಿಪಾದಿಸಿದರು.

ಈ ಜೀನುಗಳನ್ನು ಬೆಸೆಯುವ ರಾಸಾಯನಿಕ ಸಾಮ್ಯವು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ, ವಾಲ್ಟರ್ ಗೆರಿಂಗ್ ಅವರ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂತು. ಅಲ್ಲಿ ಅಧ್ಯಯನಕ್ಕೊಳಗಾದ ಆಂಟೆನಪೀಡಿಯ ಎಂಬ ಜೀನು ತಪ್ಪು ಜಾಗದಲ್ಲಿ ಸಕ್ರಿಯವಾದರೆ ನೊಣದ ತಲೆಯಲ್ಲಿ ಕುಡಿಮೀಸೆಯ ಬದಲು ಕಾಲುಗಳೇ ಬೆಳೆಯುತ್ತವೆ. ಪಿಎಚ್.ಡಿ. ನಂತರದ ಸಂಶೋಧನೆಗಾಗಿ, ಅಂದರೆ ಪೋಸ್ಟ್‌ಡಾಕ್ಟರಲ್ ಅಧ್ಯಯನಕ್ಕಾಗಿ, ಬಂದಿದ್ದ ವಿಲಿಯಂ ಮೆಕ್‌ಗಿನ್ನಿಸ್ ಮತ್ತು ಮೈಕೆಲ್ ಲೆವಿನ್ ತಮ್ಮ ಸಹೋದ್ಯೋಗಿಗಳೊಡನೆ, ವಿಕಿರಣಶೀಲ ಗುರುತು ಹಚ್ಚಿದ ಈ ಜೀನಿನ ತುಣುಕು ತನ್ನನ್ನು ಹೋಲುವ ಬೇರೆ ಡಿಎನ್‌ಎ ತುಣುಕುಗಳಿಗೂ ಅಂಟಿಕೊಂಡು ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪುಪಟ್ಟಿಗಳನ್ನು ಮೂಡಿಸುವುದನ್ನು ಕಂಡರು. ಆ ಜೀನುಗಳಲ್ಲಿ ಸಮಾನವಾಗಿದ್ದ ಸುಮಾರು 180 ಅಕ್ಷರಗಳ ಈ ಭಾಗವೇ ಹೋಮಿಯೋಬಾಕ್ಸ್. ಅದು ರೂಪಿಸುವ 60 ಅಮೈನೊ ಆಮ್ಲಗಳ ಪ್ರೋಟೀನ್ ಭಾಗವು ಡಿಎನ್‌ಎಗೆ ಅಂಟಿಕೊಳ್ಳುವುದರಿಂದ ಇತರ ಜೀನುಗಳನ್ನು ಚಾಲನೆಗೊಳಿಸಲು ಅಥವಾ ತಡೆಯಲು ಸಾಧ್ಯವಾಗುತ್ತದೆ. ಇಂಡಿಯಾನಾದಲ್ಲಿ ಮ್ಯಾಥ್ಯೂ ಸ್ಕಾಟ್ ಮತ್ತು ಏಮಿ ವೀನರ್ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು. ಎರಡೂ ತಂಡಗಳ ವರದಿಗಳು 1984ರಲ್ಲಿ ಪ್ರಕಟವಾದವು.

ಅದೇ ವರ್ಷ ಕಪ್ಪೆಯಲ್ಲಿ, ಬಳಿಕ ಇಲಿ ಹಾಗೂ ಮನುಷ್ಯರಲ್ಲಿಯೂ ಇಂಥ ಜೀನುಗಳು ದೊರೆತದ್ದರಿಂದ, ಕೋಟ್ಯಂತರ ವರ್ಷಗಳ ಹಿಂದೆಯೇ ಕವಲೊಡೆದ ಪ್ರಾಣಿಗಳೂ ದೇಹರಚನೆಯ ಮೂಲಸೂತ್ರಗಳನ್ನು ಹಂಚಿಕೊಂಡಿವೆಯೆಂಬುದು ಪ್ರಯೋಗಸಿದ್ಧ ಸತ್ಯವಾಯಿತು.